ಮಠದ ಮೇಲೆ ದಾವೆ

ಕೋರ್ಟಿನ ಕಾಗದದಲ್ಲಿ ನನ್ನ ಹೆಸರಿನ ಪಕ್ಕ ‘ವಾದಿ’ ಎಂದೂ ನಮ್ಮೂರ ಮಠದ ಹೆಸರಿನ ಪಕ್ಕ ‘ಪ್ರತಿವಾದಿ’ ಎಂದೂ ಬರೆದದ್ದನ್ನು ನೋಡಿದಾಗ ನನಗೆ ಇಪ್ಪತ್ತನಾಲ್ಕು ವರ್ಷ. ಗಡಹಿಂಗ್ಲಜದ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸುತ್ತಿದ್ದೆ; ಅಲ್ಲಿ ಶಿಕ್ಷಕಿಯರನ್ನು ‘ಬಾಯಿ’ ಎನ್ನುತ್ತಾರೆ. ಊರು ಅಲ್ಲಿಂದ ಎರಡು ಹರದಾರಿ, ಹಿರಣ್ಯಕೇಶಿಯ ದಂಡೆಯ ಮೇಲೆ. ದಿನಾ ಮುಂಜಾನೆ ಎಸ್‌ಟಿ ಬಸ್ಸು ಹಿಡಿದು ಹೋಗಿ ಸಂಜೆ ತಿರುಗಿ ಬರುವುದು. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ, ಬಸ್ಸಿನಲ್ಲಿ ಎರಡೂ.

ಆ ಮಠ ನಮಗೆ ಪರಕೀಯವಾಗಿದ್ದರೆ ದಾವೆ ಹಾಕುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ. ಅದರ ಮುಂದಿನ ಗೋಡೆಯ ಕಲ್ಲುಗಳನ್ನು ಅಪ್ಪ ತನ್ನ ಚಕ್ಕಡಿಯಲ್ಲಿ ತಂದುಹಾಕಿದ್ದ. ಪ್ರತಿ ವರ್ಷದ ಮೊದಲ ಬೆಲ್ಲದ ಪೆಂಟೆಯನ್ನು ಅವ್ವ ತಲೆಯ ಮೇಲೆ ಹೊತ್ತು ಅಲ್ಲಿಗೆ ಮುಟ್ಟಿಸಿ ಬರುತ್ತಿದ್ದಳು. ನಾನು ಅ ಆ ಇ ಈ ತಿದ್ದಿದ್ದೂ ಆ ಮಠದ ಕಟ್ಟೆಯ ಮೇಲೆಯೇ. ಸ್ವಾಮಿಗಳನ್ನು ಊರವರೆಲ್ಲ ಅಜ್ಜಾರು ಎನ್ನುತ್ತಿದ್ದರು. ನನ್ನ ಪಾಟಿಯ ಮೇಲಿನ ಅಕ್ಷರ ನೋಡಿ ಅವರು ಒಮ್ಮೆ, “ಈ ಹುಡುಗಿ ಕೈಯಾಗ ಸುದ್ದ ಬರೀಣಿಗಿ ಐತಿ” ಎಂದಿದ್ದರು. ಅವ್ವ ಆ ಮಾತನ್ನು ವರ್ಷಗಟ್ಟಲೆ ಬಂದವರಿಗೆಲ್ಲ ಹೇಳಿದಳು.

ಸಂಕಟ ಶುರುವಾದದ್ದು ಅಕ್ಕನ ಮದುವೆಯಿಂದ. ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಕೊಲ್ಹಾಪುರದಲ್ಲಿ ಮಾಸ್ತರಿಕೆಯ ಟ್ರೇನಿಂಗಿಗೆ ಹೋದಾಗ ಇಚಲಕರಂಜಿಯ ಒಬ್ಬ ಹುಡುಗನ ಪರಿಚಯವಾಯಿತು. ಜೈನರ ಪೈಕಿ. ಮನೆಯಲ್ಲಿ ನಾಲ್ಕು ಪಾವರ್‌ಲೂಮ್ ಮಗ್ಗ, ಸ್ವಲ್ಪ ಹೊಲ. ಹುಡುಗ ಸ್ವತಃ ನಮ್ಮ ಮನೆಗೆ ಬಂದು ಅಪ್ಪನ ಮುಂದೆ ಕುಳಿತು ಕೇಳಿದ. ಅಪ್ಪ ಎಂಟು ದಿನ ಮಾತಾಡಲಿಲ್ಲ. ಒಂಬತ್ತನೆಯ ದಿನ, “ಹುಡುಗ ಕಣ್ಣಾಗ ಕಣ್ಣಿಟ್ಟು ಮಾತಾಡ್ತಾನ. ನನಗ ಅಷ್ಟು ಸಾಕು” ಎಂದ. ಕೊಲ್ಹಾಪುರದ ರಜಿಸ್ಟರ್ ಕಚೇರಿಯಲ್ಲಿ ಮದುವೆ ಆಯಿತು. ಅವ್ವ ಅಲ್ಲಿಯ ಬೆಂಚಿನ ಮೇಲೆ ಕುಳಿತು ತಾನು ತಂದಿದ್ದ ಸಿಹಿ ಮಾದ್ಲಿ ಎಲ್ಲರಿಗೂ ಹಂಚಿದಳು, ಕಾರಕೂನನಿಗೂ ಕೊಟ್ಟಳು.

ಹದಿನೈದು ದಿನಕ್ಕೆ ಮಠದಿಂದ ಅಪ್ಪನಿಗೆ ಕರೆ ಬಂತು. ಮಠದ ಕಾರಭಾರ ನೋಡುವ ಪಂಚರು ಐದು ಮಂದಿ ಕುಳಿತಿದ್ದರು, ಅಜ್ಜಾರು ನಡುವೆ. ಅಪ್ಪ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದ. ಪಂಚರಲ್ಲಿ ಹಿರಿಯರಾದವರು, “ಎಲ್ಲಾರ ಮುಂದ ಹೇಳು, ದೊಡ್ಡ ಮಗಳು ನಮ್ಮ ಪಾಲಿಗೆ ಸತ್ತಾಳ ಅಂತ. ಅಜ್ಜಾರ ಪಾದಾ ಹಿಡಿ. ಮುಗೀತು” ಎಂದರು.

ಅಪ್ಪ ಕೈಮುಗಿದೇ ಕೇಳಿದ, “ಸತ್ತಾಳ ಅಂತ ಹೆಂಗ ಹೇಳ್ಲಿ ಅಜ್ಜಾರ? ನಿನ್ನೆ ಮನಿಗೆ ಬಂದು ರೊಟ್ಟಿ ಬಡದು ಕೊಟ್ಟು ಹೋಗ್ಯಾಳ.”

ಯಾರೋ ಹಿಂದೆ ನಕ್ಕರು. ಅಜ್ಜಾರು ನಗಲಿಲ್ಲ. “ಹಂಗಾದ್ರ ನಿನ್ನ ದಾರಿ ನಿನಗ, ಮಠದ ದಾರಿ ಮಠಕ್ಕ” ಎಂದರು.

ಮರುದಿನ ಮುಂಜಾನೆ ಹಲಗೆ ಬಾರಿಸುತ್ತ ಮಠದ ಆಳು ಓಣಿ ಓಣಿ ತಿರುಗಿದ. ಈ ಮನೆಯವರಿಗೆ ಯಾರೂ ಬೆಂಕಿ ನೀರು ಕೊಡಬಾರದು, ಇವರ ಪಂಕ್ತಿಯಲ್ಲಿ ಉಣ್ಣಬಾರದು, ಇವರ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಹೋಗಬಾರದು. ನಮ್ಮ ಮನೆಯ ಮುಂದೆ ಬಂದಾಗ ಅವನ ದನಿ ಸಣ್ಣದಾಯಿತು. ಅವ್ವ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದಳು. ಒಳಗೆ ಬಂದು, “ಇನ್ನ ಮಜ್ಜಿಗಿ ಕಡಿಯೂದು ಅರ್ಧಾ ಮಾಡ್ತೇನಿ, ಇಸಗೊಳ್ಳಾವ್ರು ಯಾರೂ ಇಲ್ಲ” ಎಂದಳು.

ಗಿರಣಿಯವ ನಮ್ಮ ಜೋಳ ಬೀಸಲಿಲ್ಲ. ನಾನು ಸಾಲಿಗೆ ಹೋಗುವಾಗ ಜೋಳದ ಚೀಲ ಬಸ್ಸಿಗೆ ಹೇರಿ ಗಡಹಿಂಗ್ಲಜದಲ್ಲಿ ಬೀಸಿಸಿಕೊಂಡು ಬರತೊಡಗಿದೆ. ಅಪ್ಪನ ಗಡ್ಡ ಹೆರೆಯಲು ಯಾರೂ ಬರಲಿಲ್ಲ. ಅವನು ಕೊಲ್ಹಾಪುರದಿಂದ ತರಿಸಿದ ರೇಜರಿನಿಂದ ತಾನೇ ಕೆರೆದುಕೊಂಡು ಗಲ್ಲದ ತುಂಬ ಗಾಯ ಮಾಡಿಕೊಂಡ. ಬಾವಿಯ ಮೇಲೆ ಅವ್ವ ಬಂದರೆ ಉಳಿದವರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಅವ್ವನ ಬಾಲ್ಯದ ಗೆಳತಿಯೂ ಸರಿದಳು. ಕಬ್ಬು ಕಡಿಯುವ ಹಂಗಾಮ ಬಂದಾಗ ಒಬ್ಬ ಆಳೂ ಸಿಗಲಿಲ್ಲ. ಆಗ ಭಾವ ಇಚಲಕರಂಜಿಯಿಂದ ಎಂಟು ಮಂದಿ ಮಗ್ಗದವರನ್ನು ಕರೆದುಕೊಂಡು ಬಂದ. ನೂಲಿನ ಕೆಲಸದ ಕೈಗಳು; ಕೊಯಿತ ಹಿಡಿದರೆ ಕಬ್ಬಿಗಿಂತ ಹೆಚ್ಚು ಬೆರಳು ಕೊಯ್ದುಕೊಂಡರು. ನಮ್ಮ ಕೆಳಗಿನ ಓಣಿಯ ಒಬ್ಬ ಬಡವ ಮಾತ್ರ, ತನ್ನ ಹೆಂಡತಿ ಬೇಡವೆಂದರೂ ಕೇಳದೆ, ಅವರಿಗೆ ಕಡಿಯುವುದನ್ನು ತೋರಿಸಿಕೊಟ್ಟ. ವಾರದೊಳಗೆ ಅವನ ಮನೆಯ ಮೇಲೂ ಅದೇ ಆಜ್ಞೆ ಆಯಿತು.

ಇಷ್ಟನ್ನೆಲ್ಲ ನಾವು ಸಹಿಸಿದೆವು. ಅಪ್ಪನಿಗೆ, ಇವತ್ತಲ್ಲ ನಾಳೆ ಅಜ್ಜಾರ ಮನಸ್ಸು ತಿರುಗುತ್ತದೆ ಎಂಬ ನಂಬಿಕೆ ಇತ್ತು. ಮುಂದಿನ ಮಳೆಗಾಲದಲ್ಲಿ ಅವ್ವನಿಗೆ ವಿಷಮಜ್ವರ ಬಂತು. ಗಡಹಿಂಗ್ಲಜದ ದವಾಖಾನೆಯಲ್ಲಿ ಹನ್ನೊಂದು ದಿನ ಇಟ್ಟೆವು. ಹನ್ನೆರಡನೆಯ ದಿನ ಬೆಳಗು ಹರಿಯುವ ಹೊತ್ತಿಗೆ ಹೋದಳು. ಅಕ್ಕ, ಭಾವ ಬಂದು ಮುಟ್ಟಿದರು. ಅವ್ವನನ್ನು ಊರಿಗೆ ತಂದು, ನಮ್ಮ ಪದ್ಧತಿಯಂತೆ ಕೂಡ್ರಿಸಿ, ಹಣೆಗೆ ವಿಭೂತಿ ಹಚ್ಚಿ, ಚಕ್ಕಡಿಯಲ್ಲಿ ಹೊಳೆಯ ಮೇಲಿನ ರುದ್ರಭೂಮಿಗೆ ಒಯ್ದೆವು. ಹಿಂದೆ ನಡೆದವರು ನಾವು ನಾಲ್ವರು ಮತ್ತು ಕೆಳಗಿನ ಓಣಿಯ ಆ ಬಡವ.

ರುದ್ರಭೂಮಿಯ ಕಬ್ಬಿಣದ ಗೇಟಿಗೆ ಬೀಗ ಹಾಕಿತ್ತು. ದನ ನುಗ್ಗಬಾರದೆಂದು ಊರವರೇ ಹಿಂದೆ ಕೂಡಿಸಿದ್ದ ಗೇಟು ಅದು. ಅದಕ್ಕೆ ಬೀಗ ಬಿದ್ದದ್ದನ್ನು ನಾವು ಎಂದೂ ನೋಡಿರಲಿಲ್ಲ. ಕಾವಲುಗಾರ ಮುದುಕ ಗೋಡೆಯ ಪಕ್ಕ ಕಂಬಳಿ ಹೊದ್ದು ನಿಂತಿದ್ದ.

“ಕೀಲಿ ತಗಿಯಪಾ” ಎಂದ ಅಪ್ಪ.

“ಕೀಲಿ ನನ್ನ ಕಡೆ ಇಲ್ರಿ ಗೌಡ್ರ. ಮಠದಾಗ ಐತಿ. ಕೊಡಬ್ಯಾಡ ಅಂತ ಅಪ್ಪಣಿ ಆಗೇತಿ.”

ಅಪ್ಪ ಮಠಕ್ಕೆ ಹೋದ. ನಾವು ಮಳೆಯಲ್ಲಿ ನಿಂತೆವು. ಅಕ್ಕ ಚಕ್ಕಡಿ ಹತ್ತಿ ಅವ್ವನ ತಲೆಯ ಮೇಲೆ ಕೊಡೆ ಹಿಡಿದಳು. ಹಿಡಿದ ಕೈ ಸೋತಾಗ ನಾನು ಹಿಡಿದೆ, ನಾನು ಸೋತಾಗ ಭಾವ. ಎರಡು ತಾಸಿನ ಮೇಲೆ ಅಪ್ಪ ತಿರುಗಿ ಬಂದ. ರುಮಾಲು ಕೈಯಲ್ಲಿತ್ತು. ಮಠದ ಬಾಗಿಲಲ್ಲಿ ರುಮಾಲು ತೆಗೆದು ನಿಂತಿದ್ದನಂತೆ. ಯಾರೂ ಹೊರಗೆ ಬರಲಿಲ್ಲವಂತೆ. ಜಂಗಮರೂ ಬರಲು ಒಪ್ಪಲಿಲ್ಲ.

“ಎತ್ತು ತಿರುಗಿಸ್ರಿ” ಎಂದಷ್ಟೇ ಅಂದ.

ನಮ್ಮ ಹೊಲದಲ್ಲಿ, ಬಾವಿಯ ಆಚೆ, ಭಾವ ಮತ್ತು ಆ ಬಡವ ಕುಣಿ ತೆಗೆದರು. ಮಂತ್ರ ಗೊತ್ತಿದ್ದವರು ಯಾರೂ ಇರಲಿಲ್ಲ. ಅವ್ವನ ಕೈಯಲ್ಲಿ ಅವಳ ಲಿಂಗ ಇಟ್ಟು, ಪತ್ರಿ, ವಿಭೂತಿ, ಉಪ್ಪು ಹಾಕಿ ಅಪ್ಪನೇ ಮಣ್ಣು ಎಳೆದ. ಮಣ್ಣು ಕೆಸರಾಗಿತ್ತು, ಗುದ್ದಲಿಗೆ ಅಂಟಿಕೊಳ್ಳುತ್ತಿತ್ತು. ಅಪ್ಪ ಕೈಯಿಂದಲೇ ಕೆರೆದು ಕೆರೆದು ಹಾಕಿದ.

ಮರುದಿನ ನಾನು ಸಾಲಿಯ ಹಾಜರಿ ಪುಸ್ತಕದಂಥ ಒಂದು ಹೊಸ ನೋಟುಬುಕ್ಕು ತೆಗೆದು ಬರೆಯಲು ಕುಳಿತೆ. ಹಲಗೆ ಬಾರಿಸಿದವ ಯಾರು, ಏನೇನು ಹೇಳಿದ, ಗಿರಣಿಯವ ಏನಂದ, ಗೇಟಿನ ಮುಂದೆ ಎಷ್ಟು ಹೊತ್ತು ನಿಂತೆವು, ಕಾವಲುಗಾರನ ಮಾತು ಹೇಗಿತ್ತೋ ಹಾಗೇ. ಅಳುತ್ತ ಬರೆದೆ, ಆದರೆ ಒಂದು ಶಬ್ದವನ್ನೂ ಹೆಚ್ಚಿಗೆ ಬರೆಯಲಿಲ್ಲ. ಇದನ್ನು ಒಂದು ದಿನ ಯಾರಾದರೂ ತಪ್ಪು ಹುಡುಕುವ ಕಣ್ಣಿನಿಂದ ಓದುತ್ತಾರೆ ಎಂಬ ಎಚ್ಚರ ಆಗಲೇ ಇತ್ತು.

ಗಡಹಿಂಗ್ಲಜದ ಎಸ್‌ಟಿ ಸ್ಟ್ಯಾಂಡಿನ ಎದುರಿಗೆ, ಬೀಜ ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ, ಒಬ್ಬ ವಕೀಲರಿದ್ದರು. ಐವತ್ತೈದು ದಾಟಿದ ಮರಾಠಿ ಮಾತಿನವರು. ಕಕ್ಷಿದಾರರ ಜೊತೆ ತಮ್ಮದೇ ಧಾಟಿಯ ಕನ್ನಡ ಆಡುತ್ತಿದ್ದರು. ನೋಟುಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಕನ್ನಡಕ ತೆಗೆದು ಕೇಳಿದರು:

“ಬಾಯಿ, ದಾವೆ ಯಾರ ಮ್ಯಾಲ ಹಾಕಾವ್ರು?”

“ಮಠದ ಮ್ಯಾಲ.”

“ಮಠ ಅಂದ್ರ ಯಾರು? ಸ್ವಾಮಿಗಳನ್ನ ಕೇಳಿದ್ರ ಪಂಚರು ಮಾಡ್ಯಾರ ಅಂತಾರ. ಪಂಚರನ್ನ ಕೇಳಿದ್ರ ಊರಾವ್ರು ತಾವಾಗಿ ಮಾಡ್ಯಾರ ಅಂತಾರ. ಊರಾವ್ರನ್ನ ಕೇಳಿದ್ರ ಮಠದ ಅಪ್ಪಣಿ ಅಂತಾರ. ಗೋಲ ಗೋಲ ಫಿರಾಯಚಂ, ಸುತ್ತ ಸುತ್ತ ತಿರುಗೂದು. ಎಲ್ಲಿ ಹಿಡೀತೀರಿ?”

ನಾನು ಎಷ್ಟೋ ದಿನದಿಂದ ಯೋಚಿಸಿದ್ದನ್ನು ಹೇಳಿದೆ. “ಹೊಲ ತಗೋಬೇಕಾದ್ರ ಮಠದ ಹೆಸರಿಲೇ ಖರೀದಿ ಆಗತೈತಿ. ಮಾವಿನ ತ್ವಾಟದ ಲಾವಣಿ ರೊಕ್ಕ ಮಠದ ಹೆಸರಿಲೇ ಬರತೈತಿ. ಆವಾಗ ಮಠ ಯಾರು ಅಂತ ಯಾರೂ ಕೇಳೂದಿಲ್ಲ. ನಮ್ಮವ್ವನ ಹೆಣಾ ಮಳ್ಯಾಗ ನಿಲ್ಲಿಸಿದಾಗ ಮಾತ್ರ ಮಠ ಅಂದ್ರ ಯಾರು ಅಂತ ಹುಡುಕಬೇಕೇನ್ರಿ?”

ವಕೀಲರು ಕಪಾಟಿನಿಂದ ಒಂದು ಕಾಯದೆಯ ಪುಸ್ತಕ ತೆಗೆದರು. ಜಾತಿಯಿಂದ, ಪಂಥದಿಂದ ಬಹಿಷ್ಕಾರ ಹಾಕುವುದು ಸಲ್ಲುವುದಿಲ್ಲ ಎಂದು ಮುಂಬೈ ಸರ್ಕಾರ ಮಾಡಿದ್ದ ಕಾಯದೆ. ಅದರ ಆಧಾರದ ಮೇಲೆ ದಾವೆ ಬರೆದರು: ಈ ಬಹಿಷ್ಕಾರ ರದ್ದಾಗಬೇಕು, ರುದ್ರಭೂಮಿ ಎಲ್ಲರಿಗೂ ತೆರೆದಿರಬೇಕು, ಇದಕ್ಕೆ ಮಠವೇ ಹೊಣೆ ಎಂದು ಕೋರ್ಟು ಹೇಳಬೇಕು.

ಅಪ್ಪ ಸಹಿ ಹಾಕಲಿಲ್ಲ. “ನೀ ಹಾಕು ಮಗಳ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಆ ಕಲ್ಲು ತಂದು ಹಾಕಿದ ಕೈಲೆ ಅದರ ಮ್ಯಾಲ ಸಹಿ ಮಾಡಾಕ ನನಗ ಆಗೂದಿಲ್ಲ” ಎಂದ. ನಾನೊಬ್ಬಳೇ ವಾದಿ ಆದೆ.

ಮಠದ ಪರವಾಗಿ ಕೊಲ್ಹಾಪುರದ ದೊಡ್ಡ ವಕೀಲರು ಬಂದರು. ಅವರ ಉತ್ತರದಲ್ಲಿ ಮೂರು ಮಾತಿದ್ದವು. ಮಠ ಬಹಿಷ್ಕಾರವನ್ನೇ ಹಾಕಿಲ್ಲ, ಊರವರು ಸ್ವಂತ ಇಚ್ಛೆಯಿಂದ ದೂರ ಉಳಿದಿದ್ದಾರೆ. ಸ್ವಾಮಿಗಳು ಏನಾದರೂ ಅಂದಿದ್ದರೆ ಅದು ಅವರ ಖಾಸಗಿ ಅಭಿಪ್ರಾಯ, ಮಠಕ್ಕೆ ಸಂಬಂಧವಿಲ್ಲ. ಇನ್ನು ರುದ್ರಭೂಮಿ ಮಠದ ಸ್ವಂತ ಆಸ್ತಿ, ಬೀಗ ಹಾಕುವುದು ತೆಗೆಯುವುದು ಮಾಲಕರ ಹಕ್ಕು.

ಮೂರನೆಯ ಮಾತನ್ನು ಓದಿದಾಗ ನಮ್ಮ ವಕೀಲರು, “ಕೊಲ್ಹಾಪುರದಾಗ ಧರ್ಮಾದಾಯ ಕಚೇರಿ ಐತಿ. ಎಲ್ಲಾ ಮಠ, ಗುಡಿ ತಮ್ಮ ಆಸ್ತಿ ಅಲ್ಲಿ ಬರೆಸಬೇಕು. ಹೋಗಿ ನೋಡಿ ಬರ್ರಿ” ಎಂದರು.

ಒಂದು ದಿನ ರಜೆ ಹಾಕಿ ಕೊಲ್ಹಾಪುರಕ್ಕೆ ಹೋದೆ. ಕಾರಕೂನ ಮೊದಲು ಸಾಹೇಬರು ಇಲ್ಲ ಎಂದ, ಆಮೇಲೆ ರಜಿಸ್ಟರು ಸಿಗುವುದಿಲ್ಲ ಎಂದ. “ಸಿಗೋತನಕ ಇಲ್ಲೇ ಕೂತಿರತೇನಿ” ಎಂದು ಮರಾಠಿಯಲ್ಲಿ ಹೇಳಿ, ಚೀಲದಿಂದ ಹುಡುಗಿಯರ ಪರೀಕ್ಷೆಯ ಪೇಪರು ತೆಗೆದು ತಿದ್ದುತ್ತ ಕುಳಿತೆ. ಊಟದ ಸುಟ್ಟಿ ಮುಗಿದ ಮೇಲೆ ರಜಿಸ್ಟರು ಸಿಕ್ಕಿತು. ಮಠದ ಹಾಳೆ ತೆಗೆದೆ. ಮಠದ ಕಟ್ಟಡ, ಗದ್ದುಗೆ, ಮಾವಿನ ತೋಟ, ಹೊಳೆಯ ಗದ್ದೆ, ಗಡಹಿಂಗ್ಲಜದ ಎರಡು ಅಂಗಡಿ, ಒಂದು ಆನೆಗಾತ್ರದ ತಾಮ್ರದ ಹಂಡೆಯನ್ನೂ ಬಿಡದೆ ಬರೆಸಿದ್ದರು. ರುದ್ರಭೂಮಿ ಇರಲಿಲ್ಲ. ಮತ್ತೊಮ್ಮೆ ನೋಡಿದೆ. ಬೆರಳಿಟ್ಟು ಸಾಲು ಸಾಲಾಗಿ ಮೂರನೆಯ ಸಲ ನೋಡಿದೆ. ಇರಲಿಲ್ಲ. ಮಠ ತನ್ನದೇ ಕೈಯಿಂದ, ತನ್ನದೇ ಸಿಕ್ಕಾ ಒತ್ತಿ ಬರೆಸಿದ ಪಟ್ಟಿಯಲ್ಲಿ ಆ ಜಾಗ ತನ್ನದು ಎಂದು ಹೇಳಿರಲೇ ಇಲ್ಲ.

ನಕಲಿಗೆ ಅರ್ಜಿ ಕೊಟ್ಟು, ಊರಿನ ಬಸ್ಸಿಗೆ ಹೋಗದೆ ಇಚಲಕರಂಜಿಯ ಬಸ್ಸು ಹತ್ತಿದೆ. ಅಕ್ಕನಿಗೆ ಹೇಳದೆ ಇರಲು ಸಾಧ್ಯವಿರಲಿಲ್ಲ. ಸಂಜೆಯ ಹೊತ್ತು, ಮಗ್ಗಗಳೆಲ್ಲ ನಡೆದಿದ್ದವು. ಅಕ್ಕ ನೂಲಿನ ಕಂಡಿಕೆಯ ಬುಟ್ಟಿ ಹಿಡಿದು ಮಗ್ಗಗಳ ನಡುವೆ ನಿಂತಿದ್ದಳು. ನಾನು ಹೇಳಿದ್ದು ಅವಳಿಗೆ ಕೇಳಿಸಲಿಲ್ಲ. ಕಿವಿಯ ಹತ್ತಿರ ಹೋಗಿ ಹೇಳಿದೆ, ಆಗಲೂ ಕೇಳಿಸಲಿಲ್ಲ. ಕೊನೆಗೆ, “ಅಕ್ಕಾ, ಅದು ಅವರದಲ್ಲ! ಆ ಜಾಗಾ ಅವರದಲ್ಲ!” ಎಂದು ಗಂಟಲು ಹರಿಯುವಂತೆ ಕೂಗಿದೆ. ಭಾವ ಮಗ್ಗ ನಿಲ್ಲಿಸಿ ಓಡಿ ಬಂದ. ಅಕ್ಕ ಬುಟ್ಟಿ ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕುಳಿತಳು. “ನನ್ನ ಸಲುವಾಗಿ ಅವ್ವ ಮಳ್ಯಾಗ ಕುಂತಳು ಅಂತ ದಿನಾ ಅನಸತಿತ್ತು. ಬೀಗಾ ಹಾಕಿದ್ದು ನಾ ಅಲ್ಲ ಅಲಾ?” ಎಂದಳು. ಅವ್ವ ಹೋದಾಗಿನಿಂದ ಅವಳು ಆ ಮಾತನ್ನು ಒಳಗೇ ಇಟ್ಟುಕೊಂಡಿದ್ದಳೆಂದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ.

ಊರಿನ ಜಮೀನಿನ ಲೆಕ್ಕ ಇಡುವ ತಲಾಠಿಯ ದಫ್ತರದಲ್ಲೂ ಅದು ಊರಿನ ರುದ್ರಭೂಮಿ, ಸರ್ಕಾರಿ ಜಾಗ ಎಂದೇ ಇತ್ತು. ನಮ್ಮ ಕೈ ಮೇಲಾಯಿತು ಎಂದುಕೊಂಡೆವು. ಆದರೆ ಖಟ್ಲೆ ತಾರೀಖಿನಿಂದ ತಾರೀಖಿಗೆ ಹೋಗುತ್ತಲೇ ಇತ್ತು. ಸಾವಿರದ ಒಂಬೈನೂರ ಅರವತ್ತೆರಡರ ಆರಂಭದಲ್ಲಿ ಒಂದು ಮುಂಜಾನೆ ವಕೀಲರು ಸಾಲಿಗೇ ಮನುಷ್ಯನನ್ನು ಕಳಿಸಿದರು. ಹೋದರೆ ಅವರ ಮೇಜಿನ ಮೇಲೆ ಮರಾಠಿ ಪತ್ರಿಕೆ ಹರಡಿತ್ತು.

“ಬಾಯಿ, ನಾವು ನಿಂತ ಹಲಗೀನ ಹ್ವಾತು” ಎಂದರು. ಬೇರೊಂದು ಪಂಥದ ಗುರುಗಳು ಹಾಕಿದ್ದ ದಾವೆಯಲ್ಲಿ ದಿಲ್ಲಿಯ ಸುಪ್ರೀಂ ಕೋರ್ಟು ಆ ಬಹಿಷ್ಕಾರದ ಕಾಯದೆಯನ್ನೇ ರದ್ದು ಮಾಡಿತ್ತು. ತನ್ನ ಧರ್ಮದ ವಿಷಯದಲ್ಲಿ ಯಾರು ಒಳಗೆ, ಯಾರು ಹೊರಗೆ ಎಂದು ಹೇಳುವುದು ಆ ಪಂಥದ ಹಕ್ಕು ಎಂದು ತೀರ್ಪು.

ಊರಿಗೆ ಬರುವುದರೊಳಗೆ ಸುದ್ದಿ ಮುಟ್ಟಿತ್ತು. ಮಠದಲ್ಲಿ ಸಕ್ಕರೆ ಹಂಚುತ್ತಿದ್ದರು. ಪಂಚರೊಬ್ಬರು ಬಸ್ಸಿನಿಂದ ಇಳಿದ ನನ್ನನ್ನು ನೋಡಿ, ಊರವರಿಗೆ ಕೇಳುವಂತೆ, “ದಿಲ್ಲಿತನಕ ಮಠದ ಕೈ ಐತಿ” ಎಂದರು. ನಾನು ಮನೆಗೆ ಬಂದು ಆದದ್ದನ್ನು ಅಪ್ಪನಿಗೆ ಹೇಳಿದೆ.

ಅಪ್ಪ ಮೇವು ಕತ್ತರಿಸುತ್ತಿದ್ದ. ಕೆಲಸ ಮುಗಿಸಿ, ಕೈತೊಳೆದು, ಕೇಳಿದ: “ಆ ತೀರ್ಪಿನ್ಯಾಗ ಹೆಣಾ ಹುಗಿಯಾಕ ಬಿಡಬ್ಯಾಡ್ರಿ ಅಂತ ಬರದಾರೇನು?”

“ಇಲ್ಲ.”

“ಗೇಟಿಗೆ ಕೀಲಿ ಹಾಕ್ರಿ ಅಂತ?”

“ಇಲ್ಲಪ್ಪಾ.”

“ಹಂಗಾದ್ರ ನಾಳೆ ನಾನೂ ಬರತೇನಿ, ನಡಿ. ಸಕ್ಕರಿ ಹಂಚಾಕತ್ತಾರ. ನಿಮ್ಮವ್ವ ಸತ್ತದ್ದಕ್ಕ ಹಂಚಿದಂಗ ಆಗೇತಿ ನನಗ.”

ಮರುದಿನ ವಕೀಲರ ಮಾಳಿಗೆಯ ಮೇಲೆ ಅಪ್ಪ ಎರಡನೆಯ ವಾದಿಯಾಗಿ, ಮೋಡಿ ಲಿಪಿಯಲ್ಲಿ ಕಲಿತಿದ್ದ ತನ್ನ ಹಳೆಯ ಸಹಿಯನ್ನು ಹಾಕಿದ. ವಕೀಲರು ದಾವೆಯನ್ನು ತಿದ್ದಿದರು. ಪಂಕ್ತಿಯಿಂದ ಎಬ್ಬಿಸಿದ್ದು, ಪೂಜೆಗೆ ಕರೆಯದೇ ಇದ್ದದ್ದು ಎಲ್ಲ ತೆಗೆದುಹಾಕಿದರು. ಉಳಿದದ್ದು ಒಂದೇ: ತನ್ನದಲ್ಲದ ಜಾಗಕ್ಕೆ ಬೀಗ ಹಾಕಿಸಿ, ಒಂದು ಮನೆಯವರಿಗೆ ಹೆಣ ಹೂಳಲು ಬಿಡದೇ ಇದ್ದದ್ದು ಧರ್ಮದ ಕೆಲಸ ಅಲ್ಲ, ಮಾಡಿದ್ದು ಮಠ, ಹೊಣೆಯೂ ಮಠದ್ದೇ.

ಬೀಗ ಹಾಕಿಸಿದ್ದು ಮಠವೇ ಎಂದು ತೋರಿಸುವುದು ಕಷ್ಟವಾಗಿತ್ತು. ಕಾವಲುಗಾರ ಮುದುಕ ಸಾಕ್ಷಿಕಟ್ಟೆಯಲ್ಲಿ ಪಂಚರ ಕಡೆ ನೋಡಿ, ಏನೂ ನೆನಪಿಲ್ಲ ಎಂದ. ಗಿರಣಿಯವ, ತನ್ನ ಯಂತ್ರ ಕೆಟ್ಟಿತ್ತು ಎಂದ. ಉಳಿದವರು ಸ್ವಾಮಿಗಳು. ಅವರು ಮಠ ಬಿಟ್ಟು ಕೋರ್ಟಿಗೆ ಬರುವ ಪದ್ಧತಿ ಇಲ್ಲವೆಂದು ಅರ್ಜಿ ಕೊಟ್ಟರು. ಜಡ್ಜ ಸಾಹೇಬರು ಒಬ್ಬ ಹಿರಿಯ ವಕೀಲರನ್ನು ಕಮಿಷನರ್ ಎಂದು ನೇಮಿಸಿ, ಮಠದಲ್ಲಿಯೇ ಹೇಳಿಕೆ ಬರೆದುಕೊಳ್ಳಬೇಕು ಎಂದರು.

ಹೀಗಾಗಿ ನಾಲ್ಕು ವರ್ಷದ ಮೇಲೆ ನಾನು, ಅಪ್ಪ ಮಠದ ಹೊಸ್ತಿಲು ದಾಟಿದೆವು. ಬೇಡ ಎನ್ನಲು ಯಾರಿಗೂ ಬರುವಂತಿರಲಿಲ್ಲ. ಮುಂದೆ ಕೋರ್ಟಿನ ಬಿಲ್ಲೆಯ ಪಟ್ಟೆವಾಲಾ ನಡೆದಿದ್ದ. ಒಳಗೆ ಹೋಗುತ್ತಲೇ ಅಪ್ಪ, ರೂಢಿಯಂತೆ, ಗದ್ದುಗೆಗೆ ಅಡ್ಡಬಿದ್ದ. ಮಠದ ವಕೀಲರು ನಕ್ಕದ್ದು ಕಾಣಿಸಿತು. ನನಗೂ ಆ ಕ್ಷಣ ಸಿಟ್ಟು ಬಂತು. ಆಮೇಲೆ ತಿಳಿಯಿತು, ಅಪ್ಪ ಗದ್ದುಗೆಯನ್ನು ಬಿಟ್ಟುಕೊಡಲು ಬಂದಿರಲಿಲ್ಲ. ಅದು ಅವನದೂ ಆಗಿತ್ತು.

ಅಜ್ಜಾರು ಬಹಳ ಮುಪ್ಪಾಗಿದ್ದರು. ಕಮಿಷನರು ಕುರ್ಚಿ ತೋರಿಸಿದರೆ ಬೇಡವೆಂದು ತಮ್ಮ ಪೀಠದ ಮೇಲೆಯೇ ಕುಳಿತರು. ನಮ್ಮ ವಕೀಲರು ಮರಾಠಿ ಬಿಟ್ಟು ಕನ್ನಡದಲ್ಲೇ ಕೇಳಿದರು.

“ಈ ಮನಿತನದವರಿಗೆ ಬೆಂಕಿ ನೀರು ಕೊಡಬ್ಯಾಡ್ರಿ ಅಂತ ತಾವು ಹೇಳಿದ್ರೇನು?”

ಮಠದ ವಕೀಲರು ಥಟ್ಟನೆ ಎದ್ದು, “ಸ್ವಾಮಿಗಳಿಗೆ ವಯಸ್ಸಾಗೇತಿ, ನೆನಪು...” ಎನ್ನುವಷ್ಟರಲ್ಲಿ ಅಜ್ಜಾರು ಕೈಯೆತ್ತಿ ಅವರನ್ನು ತಡೆದರು.

“ನೆನಪು ಚೊಲೋ ಐತಿ. ಹೇಳೇನಿ.”

“ರುದ್ರಭೂಮಿಗೆ ಕೀಲಿ ಹಾಕ್ರಿ ಅಂತ?”

ಅಜ್ಜಾರು, “ಪಂಚರು ಕೇಳಿದ್ರು, ಹೂಂ ಅಂದೆ. ಸುಳ್ಳು ಹೇಳಾಕ ನಾ ಇಲ್ಲಿ ಕುಂತಿಲ್ಲ” ಎಂದರು. ಪಂಚರು ಒಬ್ಬರ ಮುಖ ಒಬ್ಬರು ನೋಡಿದರು.

ಮಠದ ವಕೀಲರು ಕಮಿಷನರ ಕಡೆ ತಿರುಗಿ, ಅದು ಸ್ವಾಮಿಗಳ ಖಾಸಗಿ ಮಾತು, ಸಂಸ್ಥೆಯದಲ್ಲ ಎಂದು ಬರೆದುಕೊಳ್ಳಬೇಕು ಎಂದರು. ನಮ್ಮ ವಕೀಲರು ಅವಸರ ಮಾಡಲಿಲ್ಲ. ಮೆಲ್ಲಗೆ ಕೇಳಿದರು:

“ಹೌದೇನ್ರಿ ಸ್ವಾಮೀಜಿ? ಅದು ತಮ್ಮ ಖಾಸಗಿ ಮಾತೇನ್ರಿ?”

ಅಜ್ಜಾರ ಮುಖ ಕೆಂಪಾಯಿತು. ಅವಮಾನ ಮಾಡಿದ ಹಾಗೆ ತಮ್ಮ ವಕೀಲರನ್ನೇ ನೋಡಿದರು. “ಖಾಸಗಿ? ತಾಯಿ ತಂದಿ, ಹೆಸರು, ಕುಲಾ ಎಲ್ಲಾ ಬಿಟ್ಟು ಈ ಪೀಠಕ್ಕ ಬಂದಾವ ನಾ. ನನಗ ಖಾಸಗಿ ಅನ್ನೂದು ಎಲ್ಲಿಂದ ಬಂತು? ನಾ ಮಾತಾಡಿದ್ರ ಮಠಾನ ಮಾತಾಡಿದಂಗ.”

ಕಮಿಷನರ ಲೇಖನಿ ಆ ಸಾಲನ್ನು ಬರೆಯುವ ಸಪ್ಪಳ ಕೇಳುತ್ತಿತ್ತು. ನಮ್ಮ ವಕೀಲರು, “ಬಸ್, ಇನ್ನೇನೂ ಕೇಳೂದಿಲ್ಲ” ಎಂದು ಕುಳಿತರು.

ಎದ್ದು ಹೊರಡುವಾಗ ಅಜ್ಜಾರು ನನ್ನನ್ನು ಕರೆದರು. “ಏನಾರ ತಪ್ಪು ಬರದಾರೇನು ನೋಡವಾ ತಂಗಿ, ನೀ ಓದಿದಾಕಿ” ಎಂದರು. ನಾನು ಹೇಳಿಕೆ ಓದಿದೆ. “ಎಲ್ಲಾ ನೀವು ಹೇಳಿದಂಗ ಐತ್ರಿ ಅಜ್ಜಾರ” ಎಂದೆ. ಅವರು ಸಹಿ ಹಾಕಿದರು. ಅವರ ಮೇಲೆ ನನಗೆ ಎಷ್ಟು ಸಿಟ್ಟಿತ್ತೋ ಅಷ್ಟೇ ಗೌರವವೂ ಆ ಹೊತ್ತು ಬಂತು. ಎರಡೂ ಒಂದನ್ನೊಂದು ಅಳಿಸಲಿಲ್ಲ. ಈಗಲೂ ಎರಡೂ ಇವೆ.

ತೀರ್ಪು ಬಂದದ್ದು ಅದರ ಮುಂದಿನ ವರ್ಷ. ಯಾರನ್ನು ಪಂಕ್ತಿಗೆ ಕರೆಯಬೇಕು, ಯಾರಿಗೆ ದೀಕ್ಷೆ ಕೊಡಬೇಕು ಎಂಬುದರಲ್ಲಿ ಕೋರ್ಟು ಕೈಹಾಕುವುದಿಲ್ಲ ಎಂದು ಜಡ್ಜ ಸಾಹೇಬರು ಮೊದಲೇ ಹೇಳಿದರು. ಗಿರಣಿ, ಬಾವಿ, ಕಬ್ಬಿನ ಹಂಗಾಮದ ಬಗ್ಗೆ ನಮಗೆ ಏನೂ ಸಿಗಲಿಲ್ಲ. ಅದಕ್ಕೆ ಆಧಾರವಾಗಿದ್ದ ಕಾಯದೆಯೇ ಇರಲಿಲ್ಲ. ಆದರೆ ರುದ್ರಭೂಮಿ ಊರಿನದು. ಅದನ್ನು ಮುಚ್ಚಿದ್ದು ಮಠದ ಅಪ್ಪಣೆಯಿಂದ. ಅಪ್ಪಣೆ ಕೊಡುವಾಗ ಸಂಸ್ಥೆಯಾಗಿ, ಉತ್ತರ ಕೊಡುವಾಗ ಒಬ್ಬ ಮುದುಕನಾಗಿ ಮಠ ಇರಲಾರದು. ಆದ್ದರಿಂದ ಮಠವೇ ಹೊಣೆ. ಇನ್ನು ಮುಂದೆ ಯಾವ ಮನೆಯವರನ್ನೂ ತಡೆಯಕೂಡದು. ಮಠ ಕೊಲ್ಹಾಪುರದ ಜಿಲ್ಲಾ ಕೋರ್ಟಿಗೆ ಅಪೀಲು ಹೋಯಿತು. ಅಲ್ಲಿಯೂ ಇದೇ ಉಳಿಯಿತು.

ನಾನು ಮರಾಠಿಯ ನಕಲನ್ನು ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವ್ವನನ್ನು ಅಲ್ಲಿಗೆ ಒಯ್ಯೋಣವೇ ಎಂದು ಅಕ್ಕ ಕೇಳಿದಳು. ಅಪ್ಪ ಬೇಡವೆಂದ. “ಆಕಿ ಕುಂತಲ್ಲೆ ಕುಂದರ್ಲಿ. ಎಬ್ಬಸೂದು ಬ್ಯಾಡ” ಎಂದ.

ಧರ್ಮಸಂಸ್ಥೆಗಳನ್ನು ಕೋರ್ಟಿಗೆ ಎಳೆಯುವುದು ಸರಿಯೇ ಎಂದು ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ನನ್ನ ನಂಬಿಕೆ ಏನಿರಬೇಕು ಎಂಬುದು ಕೋರ್ಟಿನ ವಿಷಯವಲ್ಲ, ನಾನೂ ಒಪ್ಪುತ್ತೇನೆ. ಆದರೆ ಹೊಲ ಕೊಳ್ಳುವ, ಅಂಗಡಿ ಬಾಡಿಗೆಗೆ ಕೊಡುವ, ಊರಿಗೆ ಹಲಗೆ ಬಾರಿಸಿ ಅಪ್ಪಣೆ ಮಾಡುವ ಶಕ್ತಿ ಇರುವವರು, ಆ ಅಪ್ಪಣೆಯಿಂದ ಒಬ್ಬರ ಬದುಕು ಮುರಿದಾಗ ನಿಂತು ಉತ್ತರ ಕೊಡಬೇಕು. ಗೆದ್ದದ್ದು ಅರ್ಧ. ಉಳಿದ ಅರ್ಧಕ್ಕೆ ಹೊಸ ಕಾಯದೆ ಬೇಕೆಂದು ಸರ್ಕಾರಕ್ಕೆ ಅರ್ಜಿ ಬರೆದೆ. ಉತ್ತರ ಬಾರದಿದ್ದಾಗ ಮತ್ತೊಂದು ಬರೆದೆ. ನೌಕರಿ ಇರುವವರೆಗೆ ಬರೆಯುತ್ತಲೇ ಇದ್ದೆ.

ಅಪೀಲು ಮುಗಿದ ನಾಲ್ಕು ತಿಂಗಳಿಗೆ ಕೆಳಗಿನ ಓಣಿಯ ಆ ಬಡವನ ತಾಯಿ ತೀರಿಕೊಂಡಳು. ನಾನು ಬಸ್ಸಿಗೆ ಹೊರಟಿದ್ದೆ. ಅವನು ಬಾಗಿಲಿಗೆ ಬಂದು, “ಬಾಯಾರ, ಆ ಕೋರ್ಟಿನ ಕಾಗದಾ ತಗೊಂಡು ಒಂದೀಟು ಬರ್ರಿ” ಎಂದ. ನಕಲನ್ನು ಚೀಲದಲ್ಲಿ ಹಾಕಿಕೊಂಡು ಅವರ ಜೊತೆ ನಡೆದೆ. ಅಪ್ಪನೂ ಬಂದ. ಅಪ್ಪನ ಗೆಳೆಯರಾಗಿದ್ದ ಬೇರೆ ಊರಿನ ಒಬ್ಬ ಜಂಗಮರನ್ನು ಕರೆಸಿದ್ದರು. ದಾರಿಯಲ್ಲಿ ಎರಡು ಮನೆಯವರು ಬಾಗಿಲು ಮುಚ್ಚಿದರು. ಒಂದು ಮನೆಯಿಂದ ಒಬ್ಬ ಹೆಂಗಸು ಬಂದು ನಮ್ಮ ಹಿಂದೆ ಸೇರಿಕೊಂಡಳು. ಅವ್ವನ ಬಾಲ್ಯದ ಗೆಳತಿ.

ರುದ್ರಭೂಮಿಯ ಮುಂದೆ ಪಂಚರೊಬ್ಬರು ನಿಂತಿದ್ದರು. ನಾನು ಚೀಲಕ್ಕೆ ಕೈಹಾಕಿದೆ. ಅವರು ನನ್ನ ಕೈಯನ್ನೇ ನೋಡಿ ಪಕ್ಕಕ್ಕೆ ಸರಿದರು. ಕಾಗದ ಹೊರಗೆ ತೆಗೆಯುವ ಪ್ರಸಂಗ ಬರಲಿಲ್ಲ. ಮುದುಕ ಕಾವಲುಗಾರ ಗೇಟಿನ ಎರಡೂ ಬಾಗಿಲು ತಳ್ಳಿದ. ಜಂಗಮರು ಮಂತ್ರ ಹೇಳಿದರು, ನಾವೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದೆವು. ಆ ಬಡವ ಕುಣಿಯ ಪಕ್ಕ ಕುಳಿತು ಜೋರಾಗಿ ಅತ್ತ. ಅಳಲು ಅವನಿಗೆ ಜಾಗ ಇತ್ತು, ಹೊತ್ತು ಇತ್ತು, ಸುತ್ತ ಜನರಿದ್ದರು.

ಹೊಳೆಯಲ್ಲಿ ಕೈಕಾಲು ತೊಳೆದು ರಸ್ತೆಗೆ ಬಂದೆ. ಹತ್ತೂವರೆಯ ಎಸ್‌ಟಿ ಸಿಕ್ಕಿತು. ಎರಡನೆಯ ತಾಸಿಗೆ ಸಾಲಿ ಮುಟ್ಟಿ, ತಡವಾದದ್ದಕ್ಕೆ ಹೆಡ್‌ಬಾಯಿಯವರಿಗೆ ಕಾರಣ ಬರೆದುಕೊಟ್ಟು, ಐದನೆಯ ಇಯತ್ತೆಯ ಹುಡುಗಿಯರಿಗೆ ಭೂಗೋಳ ಕಲಿಸಲು ಹೋದೆ.